ಎರಡನೆಯ ಚಹಾ

ಚಾಳೀಸಿಗೆ ಹನ್ನೆರಡು ರೂಪಾಯಿ, ಸೊಲ್ಲಾಪುರಕ್ಕೆ ಹೋಗಿಬರುವ ಖರ್ಚು ಮೂರು. ಒಟ್ಟು ಹದಿನೈದು. ಅಬ್ದುಲಗನಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಈ ಲೆಕ್ಕವನ್ನು ಹಾಕಿ, ರೊಕ್ಕ ಎಲ್ಲಿಂದ ಎಂಬಲ್ಲಿಗೆ ಬಂದು ಎಂದಿನಂತೆ ಅರ್ಧಕ್ಕೇ ಬಿಟ್ಟ. ಹೆಂಡತಿ ನಜಮಾ ಸೂಜಿ ಪೋಣಿಸಲು ಪಕ್ಕದ ಮನೆಯ ಹುಡುಗಿಯನ್ನು ಕೂಗಿ ಕರೆಯುತ್ತಿದ್ದಳು. ಅವಳ ಕಣ್ಣು ಮಂಜಾಗಿ, ಕನ್ನಡಕ ಬೇಕಾಗಿ ವರ್ಷವಾಗಿತ್ತು.

"ಈ ತಿಂಗಳರ ಚಾಳೀಸ ತರ್ತೀರೇನ್ರಿ?"

"ನೋಡೂಣು."

"ನೋಡಾಕ ಚಾಳೀಸ ಬೇಕ್ರಿ."

"ಮನಿ ಖರ್ಚು ಹಿಡದ ಮಾಡು. ಸಕ್ರಿ ಎಷ್ಟ ಹೋಗ್ತೈತಿ, ಗೊತ್ತೈತೇನು?"

ನಜಮಾ ನಕ್ಕಳು. "ಬೆಲ್ಲದ ಚಾ ಕುಡಿಯಾಕತ್ತಿ ರಮಜಾನ ಆತು, ಬಕ್ರೀದ ಆತು. ನಿಮಗ ಗೊತ್ತಾಗಿಲ್ಲಂದ್ರ ನಾ ಚಲೋ ಮಾಡ್ತೇನಿ ಅಂದಂಗಾತು."

ಅವನು ಕಚೇರಿಗೆ ಹೊರಟ.

ಆ ಬೆಲ್ಲದ ಮಾತು ಕಚೇರಿಯಲ್ಲೂ ಅವನನ್ನು ಬಿಡಲಿಲ್ಲ. ಸಕ್ಕರೆಗಲ್ಲವಾದರೆ ಸಂಬಳ ಎಲ್ಲಿಗೆ ಹೋಗುತ್ತದೆ? ತಾನು ಬೀಡಿ ಸೇದುವವನಲ್ಲ, ನಾಟಕಕ್ಕೆ ಹೋಗುವವನಲ್ಲ. ತನ್ನ ಊರು ಹೊರ್ತಿಯಿಂದ ಈ ಇಂಡಿ ಪೇಟೆಯ ಸಂತೆಗೆ ಬಂದವರನ್ನು, ಸಂತೆಗೆ ಮೂರು ನಾಲ್ಕು ಗುಂಪಿನಂತೆ, ಗೈಬುಸಾಬನ ಹೊಟೇಲಿಗೆ ಕರೆದು ಚಹಾ ಕುಡಿಸುತ್ತಾನೆ, ಎಲೆ ಅಡಿಕೆ ಕೊಡಿಸುತ್ತಾನೆ, ಅಷ್ಟೇ. ಕರೆದವನೇ ರೊಕ್ಕ ಕೊಡಬೇಕು. ಕರೆದಾಗ ಒಲ್ಲೆ ಎನ್ನುವುದು ಮಾರಿಗೆ ಹೊಡೆದಂತೆ. ಅದು ಖರ್ಚಲ್ಲ, ಮರ್ಯಾದೆ. ಊರಿನಲ್ಲಿ ಮೊದಲು ಮ್ಯಾಟ್ರಿಕ್ ಪಾಸಾದವನು ಇಷ್ಟೂ ಮಾಡದಿದ್ದರೆ ಹೇಗೆ? ಅವರು ತನ್ನ ದಾರಿ ಕಾಯುತ್ತಾರಲ್ಲ?

ಮಧ್ಯಾಹ್ನ ಆ ಮರ್ಯಾದೆಯನ್ನು ಕೂಡಿಸಿ ನೋಡಿದ. ತಿಂಗಳಿಗೆ ಎಂಟು ರೂಪಾಯಿ. ಎರಡು ತಿಂಗಳಿಗೆ ಒಂದು ಚಾಳೀಸು.

ಇವತ್ತೂ ಸಂತೆಯ ದಿನ. ಹೊಟೇಲಿಗೆ ಹೋಗಬಾರದು ಎಂದು ನಿಶ್ಚಯಿಸಿದ.

ಸಂಜೆ ಹೊಟೇಲು ತಪ್ಪಿಸಲು ಬಟ್ಟೆ ಅಂಗಡಿಗಳ ಹಿಂದಿನ ಓಣಿ ಹಿಡಿದ. ಆದರೆ ಓಣಿಯ ತುದಿಗೆ ಬಂದಾಗ ಕಾಲು ತಾನಾಗಿ ನಿಂತಿತು. ಅಲ್ಲಿಂದ ಗೈಬುಸಾಬನ ಹೊಟೇಲಿನ ಒಳಗೆಲ್ಲ ಕಾಣುತ್ತಿತ್ತು. ಹೊರ್ತಿಯ ಪರಪ್ಪ ಮತ್ತು ಅವನ ಜೊತೆಯ ಮೂವರು ಆಗಲೇ ಕುಡಿದು ಮುಗಿಸಿದ್ದರು. ಪರಪ್ಪ ಸೊಂಟದ ಸಂಚಿಯಿಂದ ರೊಕ್ಕ ತೆಗೆದುಕೊಟ್ಟ. ಏನೋ ಮಾತಿಗೆ ನಾಲ್ವರೂ ನಕ್ಕರು. ಯಾರೂ ಬೀದಿಯ ಕಡೆ ನೋಡಲಿಲ್ಲ.

ಉಳಿತಾಯವಾಯಿತೆಂದು ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸೀದಾ ಒಳಗೆ ಹೋದ.

"ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಪರಪ್ಪ ಸರಿದು ಜಾಗ ಮಾಡಿದ.

"ನಾ ಬರೂದ್ರಾಗ ಕುಡದ ಬಿಟ್ರ್ಯಾ?"

ರೊಕ್ಕದ ಗಲ್ಲೆಯ ಮೇಲೆ ಕುಳಿತ ಗೈಬುಸಾಬ ನಕ್ಕ. "ಇದೇನ ಇವತ್ತ ಹೊಸಾದೇನ್ರಿ? ಪ್ರತಿ ಸಂತಿಗೂ ಮೊದಲ ಇವರು ತಮ್ಮ ರೊಕ್ಕದ ಚಾ ಕುಡೀತಾರ, ಆಮ್ಯಾಲ ನಿಮ್ಮ ಚಾ."

"ಬಾಯಿ ಮುಚ್ಚೋ ಗೈಬು," ಎಂದ ಪರಪ್ಪ.

"ಯಾಕ ಪರಪ್ಪ?" ಎಂದು ಅಬ್ದುಲಗನಿ ಕೇಳಿದ.

ಪರಪ್ಪ ರುಮಾಲು ಸರಿಮಾಡಿಕೊಂಡ. "ಏನ್ ಹೇಳ್ಲಿರಿ. ನಮಗ ಒಂದ ಚಾ ಸಾಕಾಗ್ತೈತಿ. ನೀವು ಕರೀತೀರಿ, ಒಲ್ಲೆ ಅಂದ್ರ ನಿಮ್ಮ ಮಾರಿ ಸಣ್ಣದಾಗ್ತೈತಿ. ನಮ್ಮೂರ ಹುಡುಗ, ಅವನ ಮನಸ ಯಾಕ ಮುರೀಬೇಕಂತ ಇನ್ನೊಂದ ಕುಡೀತೇವಿ. ಇವತ್ತ ಬಿಡ್ರಲ್ಲ. ಸುಮ್ಮನ ಕುಂತ ಮಾತಾಡೂಣು."

ಬಿಡಬಹುದಿತ್ತು. ಮಾತಾಡಬಹುದಿತ್ತು. ಏನು ಮಾತಾಡುವುದೆಂದು ಅಬ್ದುಲಗನಿ ಹುಡುಕಿದ. ಮಳೆಯ ಸಂಗತಿ ಅವರಿಗೇ ಚೆನ್ನಾಗಿ ಗೊತ್ತು. ಕಚೇರಿಯ ಸಂಗತಿ ಅವರಿಗೆ ಬೇಕಿಲ್ಲ. ಚಹಾ ಇಲ್ಲದೆ ಅವನು ಈ ಜನರ ನಡುವೆ ಒಮ್ಮೆಯೂ ಕುಳಿತಿರಲಿಲ್ಲ. ಬರಿಗೈಯನ್ನು ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ.

"ಗೈಬುಸಾಬ, ಐದ ಚಾ," ಎಂದದ್ದು ತನ್ನದೇ ದನಿ.

ಗೈಬುಸಾಬ ಪರಪ್ಪನ ಮುಖ ನೋಡಿದ. ಪರಪ್ಪ ಕಣ್ಣಿನಲ್ಲೇ ತಾ ಎಂದ.

ಐದು ಕಪ್ಪು ಬಂದವು. ನಾಲ್ವರೂ ಚಹಾವನ್ನು ಬಶಿಗೆ ಸುರಿದು, ಊದಿ, ಎತ್ತಿದರು. ಅವನ ಮುಂದೆ ನಾಲ್ಕು ಮುಖ ಹೋಗಿ ನಾಲ್ಕು ಬಿಳಿಯ ಬಶಿ ನಿಂತವು. ಬೇಡವಾದದ್ದನ್ನು ಯಾರೂ ಕೆಳಗಿಡಲಿಲ್ಲ. ತುಂಬಿದ ಹೊಟ್ಟೆಗೆ ಗುಟುಕು ಗುಟುಕಾಗಿ ಇಳಿಸಿದರು. ಕೊನೆಗೆ ಪರಪ್ಪ ಮೀಸೆ ಒರೆಸಿಕೊಂಡು, "ಚಲೋ ಆಗೇತ್ರಿ," ಎಂದ, ಬಹಳ ಅಕ್ಕರೆಯಿಂದ.

ಐವತ್ತು ಪೈಸೆ ಹೋಯಿತು. ಅದು ಅವರ ಸಲುವಾಗಿ ಹೋಗುತ್ತದೆ ಎಂದು ಇಷ್ಟು ದಿನ ನಂಬಿಕೊಂಡಿದ್ದ. ಆ ನಂಬಿಕೆಯೂ ಹೋಯಿತು.