ಗಾಡಿ ನಿಲ್ಲಿಸಿದ ಜಾಗ

ಕಂಪ್ಯೂಟರಿನ ಮೇಜಿಗೆ ದುಪಟಿ ಹೊದಿಸುತ್ತಿದ್ದ ಕೋಮಲ, ಯಾರೋ ಮೇಜಿನ ಕಾಲಿಗೆ ಕೈ ಹಾಕಿದ್ದು ಕಂಡು ತಿರುಗಿದಳು.

"ಅದನ್ನ ಮುಟ್ಟಬ್ಯಾಡ್ರಿ ಕಾಕಾ."

"ಮಂದಿ ಕುಂದ್ರಾಕ ಜಾಗ ಬೇಕಲ್ಲವಾ," ಎಂದ ಭೀಮು. "ನಮ್ಮಣ್ಣನಕಿಂತ ಈ ಡಬ್ಬಿ ದೊಡ್ಡದಾತೇನ?"

ಗಂಡ ಚಂದಪ್ಪನ ಹೆಣದ ತಲೆಯ ಬಳಿ ಕುಳಿತಿದ್ದ ರೇಣವ್ವ ಮುಖ ಎತ್ತಿದಳು. "ಇರ್ಲಿ ಬಿಡು ಭೀಮು. ನಿನ್ನಿ ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ಯಾರೋ, ಮಣ್ಣಾದ ಮ್ಯಾಲ ನಾ ಒಮ್ಮಿ ನೋಡಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕಾಲಿಲ್ಲದ ಚಂದಪ್ಪ ಮನೆ ಬಿಟ್ಟು ಹೊರಗೆ ಹೋಗಿದ್ದನ್ನೇ ಈಚೆಗೆ ಯಾರೂ ಕಂಡಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಹಮ್ಮದಹನೀಫ ಮಾತ್ರ ನೆಲ ನೋಡಿದ.

ಭೀಮುವಿನ ಮಗ ಪ್ರೇಮಕುಮಾರ ಸಿಂದಗಿಯಿಂದ ಬಂದಾಗಿನಿಂದ ಕುಳಿತಿರಲಿಲ್ಲ. ಟ್ರ್ಯಾಕ್ಟರ್, ಹಾರ ಎಲ್ಲ ಅವನದೇ ಓಡಾಟ. "ಅಕ್ಕಾ, ಫ್ಲೆಕ್ಸಿಗೆ ದೊಡ್ಡಪ್ಪಂದೊಂದು ಚಲೋ ಫೋಟೋ ಕೊಡು."

"ಆಧಾರ ಕಾರ್ಡಿಂದು ಐತಿ ನೋಡು."

"ಅದರಾಗ ಕಳ್ಳನಂಗ ಕಾಣ್ತಾನಲ್ಲ!"

ಕೋಮಲ ಅಪ್ಪನ ಸ್ನಾನಕ್ಕೆ ನೀರು ಕಾಸಲು ಹಿತ್ತಲಿಗೆ ಹೋದಳು.

*

ಚಂದಪ್ಪ ಆಯುಷ್ಯವಿಡೀ ಓಡಿಸಿದ್ದು ಬೇರೆಯವರ ಲಾರಿ. ಕಬ್ಬು, ಉಳ್ಳಾಗಡ್ಡಿ, ಸಿಮೆಂಟು. ದೂರದಿಂದ ಫೋನ್ ಮಾಡಿದರೆ ರೇಣವ್ವನ ಮೊದಲ ಮಾತು ಯಾವಾಗಲೂ ಅದೇ: "ಗಾಡಿ ಎಲ್ಲಿ ನಿಲ್ಲಿಸೀರಿ?" ಚಳಿಗಾಲದಲ್ಲಿ ಅವನ ಉತ್ತರವೂ ಬಹಳ ಸಲ ಅದೇ: "ಮಂಜ ಕವದೈತಿ. ಹರದ ಮ್ಯಾಲ ಹೊರಡ್ತೇನಿ."

ಸಕ್ಕರೆ ಕಾಯಿಲೆಗೆ ಬಲಗಾಲು ಹೋದ ಮೇಲೆ ಅವನು ಗೋಡೆ ನೋಡುತ್ತ ಕೂತುಬಿಟ್ಟ. ಇಂಡಿ ಪಟ್ಟಣದ ಕಂಪ್ಯೂಟರ್ ಸೆಂಟರಿನಲ್ಲಿ ದುಡಿಯುವ ಕೋಮಲ ಲಾರಿ ಓಡಿಸುವ ಗೇಮೊಂದನ್ನು ಕೊಂಡು, ಮೇಜಿಗೆ ಬಿಗಿಯುವ ಸ್ಟೇರಿಂಗ್ ತಂದಳು. ತೆರೆಯೊಳಗಿನ ಲಾರಿಯ ಹಣೆಗೆ 'ರೇಣವ್ವ' ಎಂದು ಬರೆಸಿಕೊಟ್ಟಳು. ಚಂದಪ್ಪ ಸ್ಟೇರಿಂಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಒಂದು ಕಾಲದಲ್ಲಿ ಅವನ ಕ್ಲೀನರ್ ಆಗಿದ್ದು, ಈಗ ಝಳಕಿಯ ಹೆದ್ದಾರಿ ಬದಿಗೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಹನೀಫ ಸಂಜೆ ಬಂದು ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಗಾಡಿ ಹಿಂದಕ್ಕೆ ತೆಗೆಯುವಾಗ ಮೇಜು ಬಡಿದು, "ಬರ್ಲಿ ಉಸ್ತಾದ, ಬರ್ಲಿ... ಬಸ್!" ಎನ್ನುತ್ತಿದ್ದ.

ಕಂಪ್ಯೂಟರ್ ಹಚ್ಚಿದೊಡನೆ ಸ್ಟೇರಿಂಗ್ ತಾನೇ ಗುರ್ ಎಂದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ ನೆಟ್ಟಗೆ ನಿಲ್ಲುತ್ತಿತ್ತು. ಆ ಸದ್ದು ಕೇಳಿದರೆ ರೇಣವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು.

ಹೋದ ವರ್ಷ ಕಂಪನಿಯವರು ಆ ಗೇಮ್ ಮುಚ್ಚುವುದಾಗಿ ತಿಳಿಸಿದರು. ಕೊಂಡವರ ಬಳಿಯೂ ಉಳಿಯುವುದಿಲ್ಲ.

"ರೊಕ್ಕ ಕೊಟ್ಟ ತಗೊಂಡೇವಲ್ಲವಾ?"

"ಗೇಮ್ ಕೊಟ್ಟಿಲ್ಲಂತಪ್ಪ. ಆಡಾಕ ಪರವಾನಗಿ ಅಷ್ಟ ಕೊಟ್ಟಿದ್ರಂತ."

ಚಂದಪ್ಪ ನಕ್ಕುಬಿಟ್ಟ. "ಹಂಗಾರ ಇಲ್ಲೂ ನಾ ಡ್ರೈವರನ. ಮಾಲಕ ಬ್ಯಾರೆ."

ಕೋಮಲ ಒಂದು ಹಾದಿ ಹುಡುಕಿದಳು. ಕಂಪ್ಯೂಟರಿಗೆ ನೆಟ್ ಸಿಕ್ಕರೆ ತಾನೆ ಅವರು ಒಳಗೆ ಬಂದು ಒಯ್ಯುವುದು? ಆ ದಿನಕ್ಕೆ ಮುಂಚೆಯೇ ನೆಟ್ ಕಡಿದಳು. ಗೇಮ್ ಉಳಿಯಿತು. ಅಂದಿನಿಂದ ರೇಣವ್ವ, ಮನೆಗೆ ಬಂದವರನ್ನು ಹೊಸ್ತಿಲಲ್ಲೇ ತಡೆದು ಮೊಬೈಲಿನ ನೆಟ್ ಬಂದ್ ಮಾಡಿಸುತ್ತಿದ್ದಳು. ಅಷ್ಟು ಬೇಕಿರಲಿಲ್ಲ, ಹೇಳಿದರೆ ಆಕೆ ಕೇಳುತ್ತಿರಲಿಲ್ಲ.

ಇವತ್ತು ಹೊಸ್ತಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಟ್ರ್ಯಾಕ್ಟರಿನ ಮುಂದೆ ಫ್ಲೆಕ್ಸ್ ಕಟ್ಟಿತ್ತು. ಅದರಲ್ಲಿ ಚಂದಪ್ಪ ಸ್ಟೇರಿಂಗ್ ಹಿಡಿದು ಹಲ್ಲು ಬಿಟ್ಟು ನಗುತ್ತಿದ್ದ.

ಕೋಮಲಳ ಕಾಲು ನಿಂತಿತು. "ಈ ಫೋಟೋ ಎಲ್ಲಿ ಸಿಕ್ತೋ ಪ್ರೇಮ್ಯಾ?"

"ನಿಮ್ಮ ಕಂಪ್ಯೂಟರಿನ್ಯಾಗ ಇತ್ತಕ್ಕ. ನೀ ಹಿತ್ತಲದಾಗಿದ್ದಿ. ಅದಕ್ಕ ನನ್ನ ಮೊಬೈಲಿನ ನೆಟ್ ಕೊಟ್ಟು ಇಂಡಿಗೆ, ಫ್ಲೆಕ್ಸಿನವರಿಗೆ ಕಳಿಸಿದೆ. ಹೆಂಗ ಬಂದಾನ ನೋಡು, ಸಾಹುಕಾರನಂಗ!"

ಬೆಳಗಿನಿಂದ ಓಡಾಡಿ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೋಮಲ, "ಚಲೋ ಬಂದೈತಿ," ಎಂದಳು.

ಮಣ್ಣಿನ ಜಾಗದಲ್ಲಿ ಟ್ರ್ಯಾಕ್ಟರನ್ನು ಕುಣಿಯ ಹತ್ತಿರ ಹಿಂದಕ್ಕೆ ತರಲು ಚಾಲಕ ಒದ್ದಾಡುತ್ತಿದ್ದ. ಹನೀಫ ಹಿಂದೆ ಹೋಗಿ ಟ್ರಾಲಿಗೆ ಅಂಗೈ ಬಡಿದ. "ಬರ್ಲಿ... ಬರ್ಲಿ..." ಬಸ್ ಎನ್ನದೆ ಕೈಯೆತ್ತಿ ನಿಲ್ಲಿಸಿದ. ಬುದ್ಧನಿಗೆ ಶರಣೆನ್ನುವ ತ್ರಿಸರಣ ಮುಗಿದ ಮೇಲೆ ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು.

ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡ ರೇಣವ್ವ, ಹನೀಫನ ಸ್ಟೂಲ್ ಎಳೆದುಕೊಂಡು ಮೇಜಿನ ಪಕ್ಕ ಕುಳಿತಳು.

"ಹಚ್ಚವಾ."

"ನಾಳೆ ನೋಡೂಣ ಯವ್ವಾ."

"ಗಾಡಿ ಎಲ್ಲಿ ನಿಲ್ಲಿಸೀನಂತ ಅವರು ಒಂದಿನಾನೂ ಹೇಳದ ಮಲಗಿದವರಲ್ಲ. ಹಚ್ಚು."

ಕೋಮಲ ದುಪಟಿ ಸರಿಸಿ ಗುಂಡಿ ಒತ್ತಿದಳು. ಸ್ಟೇರಿಂಗ್ ಗುರ್ ಎಂದು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ನೆಟ್ಟಗೆ ನಿಂತಿತು. ಗೇಮಿನ ಹೆಸರಿನ ಮೇಲೆ ಒತ್ತಿದಾಗ ಲಾರಿ ಬರಲಿಲ್ಲ. ತೆರೆಯ ತುಂಬ ಬೂದುಬಣ್ಣ, ನಡುವೆ ಪರವಾನಗಿ ರದ್ದಾಗಿದೆ ಎಂಬ ಇಂಗ್ಲಿಷಿನ ಒಂದು ಸಾಲು.

ಓದಲು ಬಾರದ ರೇಣವ್ವ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದಳು.

"ಮಂಜ ಕವದೈತೇನ?"

ರೇಣವ್ವ ಸೆರಗಿನ ತುದಿಯಿಂದ ತೆರೆಯನ್ನು ಒರೆಸತೊಡಗಿದಳು. ಸ್ಟೇರಿಂಗಿಗೆ ಕಟ್ಟಿದ್ದ ನಿಂಬೆಹಣ್ಣು ಇನ್ನೂ ತೂಗಾಡುತ್ತಿತ್ತು.