ಕುಣಿಯ ಮೇಲಿನ ರಸ್ತೆ

ಮಸ್ಕಿಯ ನಮ್ಮ ಓಣಿಗೆ ಸಿ.ಸಿ. ರಸ್ತೆ ಬಂದದ್ದು ಮಲ್ಲೇಶ ಮೆಂಬರ್ ಆದ ಮೇಲೆಯೇ. ಹಿಂದಿನವರು ಅದನ್ನು ಭಾಷಣದಲ್ಲಷ್ಟೇ ಹಾಕಿಸಿದ್ದರು. ಈ ಹುಡುಗ ಪುರಸಭೆಗೆ ಅಲೆದು, ಇಂಜಿನಿಯರನ ತಲೆ ತಿಂದು, ಕಾಂಕ್ರೀಟ್ ಬಿದ್ದ ಮೇಲೂ ಗುತ್ತಿಗೆದಾರನನ್ನು ನಂಬದೆ ತಾನೇ ನೆಲ್ಲುಹುಲ್ಲು ಹಾಸಿ ಬೆಳಗು ಸಂಜೆ ನೀರು ಹೊಡೆದ. ಇಷ್ಟು ಆರೈಕೆ ಇವನು ನಾಳೆ ಬರುವ ಹೆಂಡತಿಗೂ ಮಾಡಲಿಕ್ಕಿಲ್ಲ ಎಂದು ಎದುರು ಮನೆಯ ಯಂಕಮ್ಮ ನಕ್ಕಳು.

ರಸ್ತೆ ಹಾಕುವ ಮೊದಲು ತೊಡಕು ಒಂದೇ ಇತ್ತು. ಓಣಿಯ ನಡುವೆ, ಮಸೂತಿಯ ಮುಂದೆ, ಅಲಾಯಿ ಕುಣಿಯ ಜಾಗ. ಪ್ರತಿ ಮೊಹರಂಗೆ ಅಲ್ಲಿ ಗುಂಡಿ ತೋಡಿ ಬೆಂಕಿ ಹಾಕುತ್ತೇವೆ. ಅದರ ಸುತ್ತ ಓಣಿಯ ಹಿಂದೂಗಳು, ಮುಸ್ಲಿಮರು ಎಲ್ಲರೂ ಕೂಡಿಯೇ ಹೆಜ್ಜೆ ಹಾಕುತ್ತೇವೆ. ಹಬ್ಬ ಮುಗಿದರೆ ಮಣ್ಣು ಮುಚ್ಚುತ್ತೇವೆ. ಚಂದ್ರ ಕಂಡ ಸಂಜೆ ಮೊದಲ ಗುದ್ದಲಿ ಹಾಕುವ ಹಕ್ಕು ಮಲ್ಲೇಶನ ಮನೆಯದು. ಅವನಪ್ಪ ಸಂಗನಬಸವ ಹೋದ ವರ್ಷದ ಹಬ್ಬ ಮುಗಿಸಿ ತೀರಿಕೊಂಡ. ಈ ಸಲ ಗುದ್ದಲಿ ಇವನ ಪಾಲಿಗೆ ಬಂದಿತ್ತು.

ಮಲ್ಲೇಶನದು ಏನು ಮಾಡಿದರೂ ಜನರನ್ನು ಕೇಳಿ ಮಾಡುವ ಸ್ವಭಾವ. ಮಸೂತಿ ನೋಡಿಕೊಳ್ಳುವ ಜಂಗ್ಲಿಸಾಬನ ಹತ್ತಿರ ಹೋಗಿ, ಕುಣಿಯ ಜಾಗ ಬಿಟ್ಟು ರಸ್ತೆ ಹಾಕಿಸಲೋ, ಮುಚ್ಚಿಸಿಬಿಡಲೋ ಎಂದು ಕೇಳಿದ. ಮುದುಕ, ನಮ್ಮ ಸಲುವಾಗಿ ರಸ್ತೆ ಕೆಡಿಸಬೇಡಿ ಮೆಂಬರ್ ಸಾಹೇಬರೇ, ನೀವು ಹೇಗೆ ಅಂತೀರೋ ಹಾಗೆ ಎಂದ. ಅಂಗಡಿಯ ವಿರೂಪಾಕ್ಷಪ್ಪ, ಜಂಗ್ಲಿಸಾಬನೇ ಬೇಡವೆಂದರೆ ತನ್ನದೇನೂ ತಕರಾರಿಲ್ಲ ಎಂದ. ಕುಣಿಯ ಬೆಂಕಿಗೆ ಉಪ್ಪು ಹಾಕುವ ಹರಕೆ ಹೊತ್ತಿದ್ದ ಯಂಕಮ್ಮನೂ ತಲೆಯಾಡಿಸಿದಳು. ಎಲ್ಲರೂ ಒಪ್ಪಿದ ಕೆಲಸವೆಂದು ಮಲ್ಲೇಶ ಹಿಗ್ಗಿದ. ಕುಣಿಯ ಮೇಲೂ ಕಾಂಕ್ರೀಟ್ ಬಿತ್ತು.

ಮೊಹರಂ ಹತ್ತಿರ ಬಂದಂತೆ ಅವನಿಗೆ ಜನರೇ ಅರ್ಥವಾಗದಾದರು. ವಿರೂಪಾಕ್ಷಪ್ಪ ಮನೆಗೆ ಬಂದು ರಸ್ತೆಯನ್ನು ಹೊಗಳಿದ, ಚಹಾ ಕುಡಿದ, ಎದ್ದು ಹೋಗಲೊಲ್ಲ. ಯಂಕಮ್ಮ ಊಟ ಆಯಿತೇ ಎಂದು ಕೇಳಿ, ಆಯಿತು ಅಂದರೂ ಬಾಗಿಲಲ್ಲೇ ನಿಂತಳು. ನಳ ಬರುತ್ತಿಲ್ಲವೇ, ಗಟಾರ ಕಟ್ಟಿದೆಯೇ, ಬೀದಿದೀಪ ಹೋಗಿದೆಯೇ ಎಂದು ಇವನೇ ಕೇಳಿದ. ಯಾವುದೂ ಇಲ್ಲ. ಮತ್ತೇಕೆ ಬಂದಿರಿ ಎಂದರೆ ಸುಮ್ಮನೆ ಎನ್ನುತ್ತಿದ್ದರು. ಜಂಗ್ಲಿಸಾಬನಂತೂ ದಾರಿಯಲ್ಲಿ ಸಿಕ್ಕರೆ ಎರಡೂ ಕೈ ಎತ್ತಿ ಸಲಾಮು ಮಾಡಿ ಬೇರೆ ಕಡೆ ನೋಡುತ್ತಿದ್ದ. ನನ್ನಿಂದ ಏನಾಯಿತು ಎಂದು ಹುಡುಗ ಒಳಗೊಳಗೇ ಬೆಂದ.

ಚಂದ್ರ ಕಂಡ ಸಂಜೆ ಹಲಗೆಯವರು ಹಲಗೆ ಕಾಯಿಸಿಕೊಂಡು ಬಂದರು, ಆದರೆ ಬಾರಿಸಲಿಲ್ಲ. ಜಂಗ್ಲಿಸಾಬ ಊದಿನ ಹೊಗೆ ಹಾಕಿದ. ಬರಿಯ ಕಾಂಕ್ರೀಟಿನ ಮೇಲೆ ಗುರುತೂ ಇಲ್ಲದ ಕುಣಿಯ ಜಾಗವನ್ನು ಓಣಿಯವರೆಲ್ಲ ಸರಿಯಾಗಿ ಸುತ್ತುವರಿದು ನಿಂತೆವು. ಮಲ್ಲೇಶ ಬಂದ. ಮರುದಿನ ಬೆಳಿಗ್ಗೆ ಇಂಜಿನಿಯರ್ ರಸ್ತೆ ನೋಡಲು ಬರುವವನಿದ್ದ. ಒಡೆದರೆ ಮೆಂಬರನೇ ಸರ್ಕಾರಿ ರಸ್ತೆ ಒಡೆದನೆಂದು ಕೇಸಾಗುತ್ತಿತ್ತು. ಒಡೆಯದಿದ್ದರೆ ಏನಾಗುತ್ತದೆಂದು ಅವನಿಗೆ ತಿಳಿಯಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ಕಾಕಾ, ನಾನು ಎಲ್ಲಾರನ್ನೂ ಕೇಳೇ ಮಾಡೀನಿ. ಯಾರೂ ಕುಣಿ ಬೇಕು ಅನ್ನಲಿಲ್ಲ. ಈಗ್ಯಾಕ ಹಿಂಗ ನನ್ನ ಮಾರಿ ನೋಡಾಕತ್ತೀರಿ?" ಎಂದ.

ಜಂಗ್ಲಿಸಾಬ ಈಗ ಮೆಂಬರ್ ಸಾಹೇಬರೇ ಎನ್ನುವುದನ್ನು ಬಿಟ್ಟ.

"ಲೇ ಮಲ್ಲೇಶ, ಗುದ್ದಲಿ ಹಾಕೋ ಮನಿಯವ ನೀನು. ನೀನೇ ಬಂದು ಕುಣಿ ಬೇಕೇನು ಅಂತ ಕೇಳಿದಿ. ನಿನಗ ಬ್ಯಾಡಾಗೈತಿ ಅಂತ ತಿಳಕೊಂಡಿವಿ. ಬ್ಯಾಡಾದವನ ಮುಂದ ನಮಗ ಬೇಕು ಅಂತ ಹೆಂಗ ಕೈ ಚಾಚೂದು?"

ಜನರನ್ನು ಕೇಳಿ ಮಾಡು ಎಂದು ಓಟು ಹಾಕಿದವರೆಲ್ಲ ಮಲ್ಲೇಶನಿಗೆ ಹೇಳಿದ್ದರು. ಕೇಳಿದ್ದೇ ತಪ್ಪಾಯಿತೇ? ಹಾಗಾದರೆ ಕೇಳಬಾರದ್ದು ಯಾವುದೆಂದು ಯಾರನ್ನು ಕೇಳಬೇಕು? ಅಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಸಿಟ್ಟು ಯಾರಿಗೂ ಇರಲಿಲ್ಲ. ಪರರ ಮನೆಯ ಬಾಗಿಲಲ್ಲಿ ನಿಂತವರ ಸಂಕೋಚವಿತ್ತು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು ಹಾಗೆ ನಿಂತದ್ದನ್ನು ಕಂಡು ಅವನಿಗೆ ಅಳು ಬಂತು.

ಮನೆಗೆ ಹೋಗಿ ಗುದ್ದಲಿ ತಂದ. ಮೊದಲ ಏಟಿಗೆ ಕಿಡಿ ಹಾರಿತು, ಕೈ ಜುಮ್ಮೆಂದಿತು, ರಸ್ತೆಗೆ ಏನೂ ಆಗಲಿಲ್ಲ. ಅಷ್ಟು ನೀರು ಕುಡಿದ ಕಾಂಕ್ರೀಟ್ ಸುಲಭಕ್ಕೆ ಬಗ್ಗುತ್ತದೆಯೇ? ಮೊದಲು ತೋಡಬೇಕಾದವನು ಅವನೇ ಆದ್ದರಿಂದ ಯಾರೂ ಕೈ ಹಚ್ಚಲಿಲ್ಲ. ಬೆವರು, ಕಣ್ಣೀರು ಒಂದೇ ಸಮ ಸುರಿಯುತ್ತಿತ್ತು. ಬಹಳ ಹೊತ್ತಿಗೆ ಒಂದು ಚಕ್ಕೆ ಎದ್ದಿತು. ಹಲಗೆಯವರು ಬಾರಿಸತೊಡಗಿದರು.

ನಾಳೆ ಇಂಜಿನಿಯರನಿಗೆ ಏನು ಹೇಳುತ್ತೀ ಎಂದು ವಿರೂಪಾಕ್ಷಪ್ಪ ಅವನ ಕಿವಿಯಲ್ಲಿ ಕೇಳಿದ.

"ಗೊತ್ತಿಲ್ಲ ಮಾಮಾ" ಎಂದ ಮಲ್ಲೇಶ. ಆಮೇಲೆ ಯಾರನ್ನೂ ಏನೂ ಕೇಳದೆ, ಹಾರೆ ತರುವಂತೆ ಜಂಗ್ಲಿಸಾಬನಿಗೆ ಗದರಿದ. ಮುದುಕ ಓಡಿದ.