ನೇತ್ರಾಳ ಮದುವೆ ಇದ್ದ ಪೆಟ್ಟಿಗೆ

ನಾನೊಂದು ಕರಿ ಕಬ್ಬಿಣದ ಪೆಟ್ಟಿಗೆ. ಸರ್ವರ್ ಎಂದು ಕರೆದು ನನ್ನನ್ನು ದೊಡ್ಡವನನ್ನಾಗಿ ಮಾಡಿದರು. ಮಾಡಿಸಿದ್ದು ಮಾತ್ರ ಅಟ್ಟದ ಕೆಲಸ, ಎಲ್ಲರ ಸಾಮಾನು ಇಟ್ಟುಕೊಂಡು ಸುಮ್ಮನೆ ಕೂರುವುದು. ಬೆಂಗಳೂರಿನ ಒಂದು ಇಕ್ಕಟ್ಟಾದ ಮಳಿಗೆಯಲ್ಲಿ ಯಾರೋ ಪುಣ್ಯಾತ್ಮ ಸ್ಕ್ರೂ ಬಿಗಿದು ನನ್ನನ್ನು ಹುಟ್ಟಿಸಿದ. ಈಗ ಗುಜರಿ ಅಂಗಡಿಯಲ್ಲಿ ಹಳೇ ಫ್ಯಾನುಗಳ ಕೆಳಗೆ ಬಿದ್ದಿದ್ದೇನೆ. ಬಿದ್ದಿರಲಿ, ನನಗೆ ಇದೇ ಸರಿ.

ರಾಣೆಬೆನ್ನೂರಿನ ಮುರಿಗೆಪ್ಪನವರ ಫೋಟೊ ಸ್ಟುಡಿಯೊಗೆ ನನ್ನನ್ನು ತರಿಸಿದವಳು ಜಯಶೀಲಾ. ಅಲ್ಲಿ ಮದುವೆ ಆಲ್ಬಂ ಜೋಡಿಸುವವಳು ಅವಳೇ. ಒಂದೇ ಮದುವೆಯ ಫೋಟೊಗಳು ಮೂರು ಕಂಪ್ಯೂಟರಿನಲ್ಲಿ ಚದುರಿ ಬಿದ್ದಿರುತ್ತವೆ, ಎಲ್ಲವೂ ಒಂದೇ ಕಡೆ ಇರಲಿ ಎಂದು ಮಾಲೀಕರ ಬೆನ್ನು ಹತ್ತಿದಳು. ಮುರಿಗೆಪ್ಪ ಗೊಣಗುತ್ತಲೇ ಒಪ್ಪಿದರು. ಆಮೇಲೆ ಊರಿನ ಮದುವೆಗಳೆಲ್ಲ ನನ್ನ ಹೊಟ್ಟೆಯಲ್ಲಿ. ಉಳಿದ ಕಂಪ್ಯೂಟರುಗಳು ವೈರಿನ ಮೂಲಕ ಕೇಳುತ್ತಿದ್ದವು, ನಾನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತಿದ್ದೆ.

ಫಕೀರವ್ವ ಬರುತ್ತಿದ್ದದ್ದು ಸಂತೆಯ ದಿನ. ಸೊಪ್ಪು ಮಾರಿ, ಖಾಲಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು, ಜಯಶೀಲಾಳ ಪಕ್ಕ ಬಂದು ಕೂರುವಳು. ಅವಳ ಮಗಳು ನೇತ್ರಾಳ ಮದುವೆ ನನ್ನಲ್ಲಿತ್ತು, ಅದನ್ನು ತೆರೆಯ ಮೇಲೆ ನೋಡಲೆಂದೇ ಬರುತ್ತಿದ್ದಳು. ಆಲ್ಬಂ ಗಂಡನ ಮನೆಗೆ ಹೋಗುವುದು ರೂಢಿ, ಹೋಯಿತು. ಮೊದಲ ಹೆರಿಗೆಯಲ್ಲೇ ಹುಡುಗಿ ತೀರಿಕೊಂಡಳು. ಅಳಿಯ ಇನ್ನೊಂದು ಮದುವೆಯಾದ. ಹೊಸ ಸೊಸೆ ಬಂದ ಮನೆಯಲ್ಲಿ ಹಳೇ ಆಲ್ಬಂ ಎಲ್ಲಿ ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ? ತಾಯಿಯ ಗೋಡೆಗೆ ಉಳಿದದ್ದು ಪರೀಕ್ಷೆಯ ಅರ್ಜಿಗೆಂದು ತೆಗೆಸಿದ್ದ ಚಿಕ್ಕ ಫೋಟೊವನ್ನು ದೊಡ್ಡದು ಮಾಡಿಸಿದ್ದು, ಹಾರ ಹಾಕಿಸಿಕೊಂಡ ಬಿಗಿದ ಮುಖ. ನನ್ನಲ್ಲಿದ್ದ ನೇತ್ರಾ ನಗುತ್ತಿದ್ದಳು. ಅರಿಸಿನ ಹಚ್ಚಲು ಬಂದ ಗೆಳತಿಯರ ಕೈ ತಳ್ಳುತ್ತಿದ್ದಳು, ಬಾಯಿ ತುಂಬ ಹೋಳಿಗೆ ತುಂಬಿಕೊಂಡಿದ್ದಳು. ಸೀಸನ್ ಮುಗಿಯಲಿ, ನಿಮಗೆಂದೇ ಒಂದು ಆಲ್ಬಂ ಮಾಡಿಕೊಡುತ್ತೇನೆ ಎಂದು ಜಯಶೀಲಾ ಮಾತು ಕೊಟ್ಟಿದ್ದಳು.

ಆ ವರ್ಷದ ಆಯುಧ ಪೂಜೆಗೆ ನನ್ನ ವೈರು ಕಿತ್ತು, ಮೈ ಒರೆಸಿದರು. ಮುರಿಗೆಪ್ಪ ಕ್ಯಾಮೆರಾಗಳಿಗೆಲ್ಲ ಹೂವೇರಿಸಿ, ನನಗೆ ಮುಂದೆಯೂ ಹಿಂದೆಯೂ ನೀರಲ್ಲಿ ಕಲಸಿದ ವಿಭೂತಿಯನ್ನು ಧಾರಾಳವಾಗಿ ಬಳಿದರು. ಭಕ್ತಿ ಹೆಚ್ಚಾಯಿತು. ಆ ನೀರು ಬೆನ್ನಿನಲ್ಲಿ ವೈರು ಸಿಕ್ಕಿಸುವ ತೂತಿಗೆ ಇಳಿದು, ಒಳಗಿನ ತಾಮ್ರದ ಹಲ್ಲುಗಳ ಮೇಲೆ ಒಣಗಿ ಕೂತಿತು. ಅರ್ಧ ಹಲ್ಲುಗಳ ಬಾಯಿ ಕಟ್ಟಿತು. ಸಾಲದ್ದಕ್ಕೆ, ತೊಂದರೆಯಾದರೆ ಬಣ್ಣ ಬದಲಿಸಿ ತೋರಿಸುವ ಪುಟ್ಟ ದೀಪದ ಮೇಲೇ ಕುಂಕುಮದ ಬೊಟ್ಟು ಇಟ್ಟಿದ್ದರು.

ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಒಂದೊಂದು ಫೋಟೊವೂ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮದುವೆಯ ಸೀಸನ್, ಗಿರಾಕಿಗಳು ಬಾಯಿ ಮಾಡುತ್ತಿದ್ದರು. ಜಯಶೀಲಾ ಕಂಪ್ಯೂಟರುಗಳನ್ನೆಲ್ಲ ಆರಿಸಿ ಮತ್ತೆ ಹಚ್ಚಿದಳು, ವೈರಸ್ ಹುಡುಕಿಸಿದಳು, ಬೇಡದ ಪ್ರೋಗ್ರಾಂ ಕಿತ್ತು ಹಾಕಿದಳು. ಕರೆಸಿದ ಎಂಜಿನಿಯರ್ ಕೂತ ಕುರ್ಚಿ ಬೆಚ್ಚಗಾಗುವ ಮೊದಲೇ, ಇದರ ಹೊಟ್ಟೆ ತುಂಬಿದೆ, ಹಳೆಯದೆಲ್ಲ ಅಳಿಸಿ ಎಂದುಬಿಟ್ಟ. ಬೆನ್ನು ನೋಡಪ್ಪಾ ನನ್ನ ತಂದೆ ಎಂದು ಒಳಗೊಳಗೇ ಅರಚಿಕೊಂಡೆ. ಹೊರಗೆ ಕೇಳಿಸಿದ್ದು ಫ್ಯಾನಿನ ಗುಂಯ್ ಸದ್ದು ಮಾತ್ರ. ಥೂ, ನನ್ನದೂ ಒಂದು ಜನ್ಮ!

ಜಯಶೀಲಾ ನೇತ್ರಾಳ ಮದುವೆಯನ್ನು ಪೆನ್‌ಡ್ರೈವಿಗೆ ಇಳಿಸಲು ಕೂತಳು. ತೆರೆಯ ಮೇಲಿನ ಹಸಿರು ಗೆರೆ ಮುಂದೆ ಸರಿಯಲೇ ಒಲ್ಲದು. ಅದು ಇಳಿಯುವವರೆಗೆ ಬೇರೆ ಯಾರ ಕೆಲಸವೂ ನಡೆಯದು. ಗಿರಾಕಿಗಳಿಂದ ಬೈಸಿಕೊಂಡು ಸಾಕಾಗಿದ್ದ ಮುರಿಗೆಪ್ಪ ಅದನ್ನು ನಿಲ್ಲಿಸಲು ಹೇಳಿದರು.

“ಅಣ್ಣಾರ, ಅದೊಂದು ಅಳಿಸಬ್ಯಾಡ್ರಿ. ನಾಳೆ ಇಳಿಸ್ಕೋತೀನಿ,” ಎಂದಳು.

ಹೂಂ ಎಂದವರು, ಮರುದಿನ ಅವಳು ಊಟಕ್ಕೆ ಹೋದಾಗ ಹಳೇ ಮದುವೆಗಳನ್ನೆಲ್ಲ ಒಟ್ಟಿಗೇ ಅಳಿಸಿದರು. ಕೆಟ್ಟ ಮನುಷ್ಯರೇನಲ್ಲ, ಗಡಿಬಿಡಿಯಲ್ಲಿ ಮರೆತರು.

ಅಳಿಸಿದ ಮೇಲಾದರೂ ನಾನು ಚುರುಕಾದೆನೇ? ಎಲ್ಲಿಯ ಮಾತು. ಇದರ ಜಾಗವೇ ಸರಿಯಿಲ್ಲವೆಂದು ನನ್ನನ್ನು ಸರಿಸಲು ವೈರು ಕಿತ್ತಾಗ, ಜಯಶೀಲಾಳ ಕಣ್ಣಿಗೆ ತೂತಿನೊಳಗಿನ ಬಿಳಿ ಹಕ್ಕಳೆ ಬಿತ್ತು. ಪಿನ್ನಿನಿಂದ ಕೆರೆದು ತೆಗೆದು ವೈರು ಸಿಕ್ಕಿಸಿದಳು. ಫೋಟೊ ಪಟ್ಟನೆ ತೆರೆಯಿತು. ಮುರಿಗೆಪ್ಪ ಖುಷಿಯಾಗಿ ಎಲ್ಲರಿಗೂ ಚಹಾ ತರಿಸಿದರು. ಜಯಶೀಲಾ ಲೋಟ ಮುಟ್ಟಲಿಲ್ಲ.

“ಸುಮ್ ಸುಮ್ನ ಅಳಿಸಿಬಿಟ್ರಿ,” ಎಂದಳು.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅಳಿಸುವುದೆಂದರೆ ಹೆಸರು ಹೊಡೆದು ಹಾಕುವುದಷ್ಟೇ. ಬೇರೆ ಏನಾದರೂ ಬಂದು ಮೇಲೆ ಕೂರುವವರೆಗೆ ಚಿತ್ರ ಅಲ್ಲೇ ಇರುತ್ತದೆ. ನೇತ್ರಾ ಇನ್ನೂ ನನ್ನೊಳಗಿದ್ದಳು. ಆ ಕ್ಷಣ ನನ್ನನ್ನು ಆರಿಸಿ ಬಲ್ಲವರ ಕೈಗೆ ಕೊಟ್ಟಿದ್ದರೆ ಅವಳು ಹೊರಗೆ ಬರುತ್ತಿದ್ದಳು. ಆದರೆ ವೇಗ ಬಂದಿತ್ತಲ್ಲ! ಬಾಕಿ ಬಿದ್ದಿದ್ದ ಹೊಸ ಮದುವೆಗಳನ್ನು ಮುರಿಗೆಪ್ಪ ಒಂದರ ಹಿಂದೊಂದು ನನಗೆ ಸುರಿಯತೊಡಗಿದರು.

ಅಷ್ಟರಲ್ಲಿ ಫಕೀರವ್ವ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಜಯಶೀಲಾ ಖಾಲಿ ತೆರೆ ನೋಡುತ್ತಿದ್ದುದನ್ನು ಕಂಡು, ಯಂತ್ರ ತಡ ಮಾಡುತ್ತಿದೆ ಎಂದುಕೊಂಡಳು ಫಕೀರವ್ವ.

“ಸಾವಕಾಶ ಬರ್ಲಿ ಬಿಡವಾ,” ಎಂದಳು. “ಮೊದ್ಲು ಹಣಿ ಬರ್ತೈತಿ, ಆಮ್ಯಾಲ ಕಣ್ಣು. ನಾ ಕುಂತಿರ್ತೀನಿ.”

ಅವಳು ತೆರೆಯನ್ನೇ ನೋಡುತ್ತ ಕೂತಳು. ನಾನು ಇನ್ಯಾರದೋ ಮಗಳ ಮದುವೆಯನ್ನು ನೇತ್ರಾಳ ಮುಖದ ಮೇಲೆ ಬರೆಯುತ್ತಿದ್ದೆ. ನನ್ನ ಜನ್ಮದಲ್ಲೇ ಅಷ್ಟು ಚುರುಕಾಗಿ ಕೆಲಸ ಮಾಡಿರಲಿಲ್ಲ.